ಉತ್ತರ ಬರೆದಿಡದ ಪಠ್ಯಪುಸ್ತಕ: ಹೋಶಂಗಾಬಾದಿನ ವಿಜ್ಞಾನ ಪಾಠದ ಒಂದು ಪ್ರಕರಣ ಅಧ್ಯಯನ

ಆರರಿಂದ ಎಂಟನೇ ತರಗತಿಯವರೆಗಿನ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವುದು ನನ್ನ ಕೆಲಸ. ನಾನು ಬಂದ ಮೇಲೆ ಪುಸ್ತಕ ಬದಲಾಗಿದೆ, ಮುಖಪುಟ ಬದಲಾಗಿದೆ, ಪಾಠಗಳ ಕ್ರಮವೂ ಬದಲಾಗಿದೆ. ಒಂದು ಸಾಲು ಮಾತ್ರ ಹಾಗೇ ಉಳಿದಿದೆ. ಚೌಕದೊಳಗೆ ಒಂದು ಚಟುವಟಿಕೆ ಇರುತ್ತದೆ: ಹೀಗೆ ಮಾಡಿ, ಏನಾಗುತ್ತದೆ ಗಮನಿಸಿ. ಅದರ ಕೆಳಗೇ, ಮಗು ಗಮನಿಸುವ ಮೊದಲೇ, 'ಇದರಿಂದ ತಿಳಿಯುವುದೇನೆಂದರೆ' ಎಂದು ಉತ್ತರ ಅಚ್ಚಾಗಿರುತ್ತದೆ. ಜಾಣ ಮಕ್ಕಳು ಚೌಕವನ್ನು ಹಾರಿ ಆ ಸಾಲಿಗೆ ಅಡಿಗೆರೆ ಎಳೆಯುತ್ತಾರೆ. ಪರೀಕ್ಷೆಯಲ್ಲಿ ಕೇಳುವುದು ಅದನ್ನೇ ಎಂದು ಅವರಿಗೆ ಚೆನ್ನಾಗಿ ಗೊತ್ತು.

ಆ ಸಾಲನ್ನು ಬೇಕೆಂದೇ ತೆಗೆದುಹಾಕಿ ಒಂದು ಇಡೀ ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ ವಿಜ್ಞಾನ ಕಲಿಸಿದ ಉದಾಹರಣೆ ನಮ್ಮ ದೇಶದಲ್ಲೇ ಇದೆ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ ಆರಂಭವಾಗಿ 2002ರಲ್ಲಿ ಸರ್ಕಾರದ ಆದೇಶದಿಂದ ನಿಂತ 'ಹೋಶಂಗಾಬಾದ್ ವಿಜ್ಞಾನ ಶಿಕ್ಷಣ ಕಾರ್ಯಕ್ರಮ' ಅದು. ಶಿಕ್ಷಣದ ಬಗ್ಗೆ ಬರೆಯುವವರು ಇದನ್ನು ಆಗಾಗ ನೆನೆಯುತ್ತಾರೆ. ಹೆಚ್ಚಾಗಿ ಹೊಗಳುವುದು 'ಮಾಡಿ ಕಲಿ' ಎಂಬ ಅದರ ತತ್ವವನ್ನು. ನನಗೆ ಮುಖ್ಯವಾಗಿ ಕಾಣುವುದು ಬೇರೆ. ಹೋಶಂಗಾಬಾದಿನವರು ಪುಸ್ತಕದ ಜೊತೆಗೆ ಪರೀಕ್ಷೆಯನ್ನೂ ಬದಲಾಯಿಸಿದರು, ಪಾಠ ಮಾಡುವವರಿಗೆ ತಿಂಗಳು ತಿಂಗಳೂ ಕೂತು ಮಾತನಾಡಲು ಒಂದು ಜಾಗ ಕೊಟ್ಟರು. ಈ ಎರಡು ಇರುವವರೆಗೆ ಆ ವಿಜ್ಞಾನ ಜೀವಂತವಾಗಿತ್ತು ಎಂಬುದು ನನ್ನ ವಾದ.

ಹದಿನಾರು ಶಾಲೆಗಳು

ದೇಶದ ಶಿಕ್ಷಣ ಹೇಗಿರಬೇಕೆಂದು ಸಲಹೆ ಕೊಡಲು ಕೇಂದ್ರ ಸರ್ಕಾರ ನೇಮಿಸಿದ್ದ ಕೊಠಾರಿ ಆಯೋಗ (1964–66) ಶಾಲೆಯ ಮೊದಲ ಹತ್ತು ವರ್ಷ ವಿಜ್ಞಾನ ಮತ್ತು ಗಣಿತ ಎಲ್ಲ ಮಕ್ಕಳಿಗೂ ಕಡ್ಡಾಯವಾಗಬೇಕೆಂದು ಹೇಳಿತು. ಹೇಳಿದ್ದು ಒಳ್ಳೆಯದೇ. ಆದರೆ ಹಳ್ಳಿಯ ಮಾಧ್ಯಮಿಕ ಶಾಲೆಗೆ ಪ್ರಯೋಗಾಲಯ ಎಲ್ಲಿಂದ ಬರಬೇಕು? ವಿಜ್ಞಾನ ಓದಿದ ಮೇಷ್ಟ್ರು ಎಲ್ಲಿಂದ ಬರಬೇಕು? ವಿಷಯ ಎಲ್ಲ ಶಾಲೆಗೂ ಬಂತು, ಆದರೆ ಕಪ್ಪುಹಲಗೆ ದಾಟಿ ಕೆಳಗಿಳಿಯಲಿಲ್ಲ.

ಅನಿಲ್ ಸದ್ಗೋಪಾಲ್ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಪಿಎಚ್‌ಡಿ ಮಾಡಿ, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದ ಆಣ್ವಿಕ ಜೀವವಿಜ್ಞಾನಿ. ಆ ಕೆಲಸ ಬಿಟ್ಟು ಹೋಶಂಗಾಬಾದ್ ಜಿಲ್ಲೆಯ ಬನಖೇಡಿ ಬ್ಲಾಕಿನಲ್ಲಿ 'ಕಿಶೋರ್ ಭಾರತಿ' ಎಂಬ ಸಂಸ್ಥೆ ಕಟ್ಟಿದರು. ಹೋಶಂಗಾಬಾದ್ ಪಟ್ಟಣದ ಮಗ್ಗುಲಿನ ರಸೂಲಿಯಾದಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಥದವರ 'ಫ್ರೆಂಡ್ಸ್ ರೂರಲ್ ಸೆಂಟರ್' ಮೊದಲಿನಿಂದಲೂ ಇತ್ತು. ಈ ಎರಡೂ ಸೇರಿ ರಾಜ್ಯ ಸರ್ಕಾರದ ಅನುಮತಿ ಪಡೆದು 1972ರಲ್ಲಿ 16 ಮಾಧ್ಯಮಿಕ ಶಾಲೆಗಳಲ್ಲಿ ಕೆಲಸ ಶುರುಮಾಡಿದವು. ಅಲ್ಲಿ ಮಾಧ್ಯಮಿಕ ಎಂದರೆ ಆರು, ಏಳು, ಎಂಟನೇ ತರಗತಿ. ನಮ್ಮ ಹಿರಿಯ ಪ್ರಾಥಮಿಕದ ಮೇಲಿನ ತರಗತಿಗಳು ಎನ್ನಬಹುದು. ಟಾಟಾ ಸಂಸ್ಥೆಯ ವಿಜ್ಞಾನಿಗಳು, ದೆಹಲಿ ವಿಶ್ವವಿದ್ಯಾಲಯದ ಅಧ್ಯಾಪಕರು ಬಂದು ಹೋಗಿ ಮಾಡತೊಡಗಿದರು.

1978ರಲ್ಲಿ ಕಾರ್ಯಕ್ರಮ ಇಡೀ ಜಿಲ್ಲೆಗೆ ಹಬ್ಬಿತು. ಆರನೇ ತರಗತಿಗೆ 'ಬಾಲ ವೈಜ್ಞಾನಿಕ್' ಎಂಬ ಹಿಂದಿ ಪುಸ್ತಕ ಬಂತು, ಮುಂದೆ ಏಳು, ಎಂಟಕ್ಕೂ ಬಂತು. 1982ರಲ್ಲಿ ಈ ಕೆಲಸವನ್ನು ಮುಂದುವರಿಸಲೆಂದೇ 'ಏಕಲವ್ಯ' ಎಂಬ ಸಂಸ್ಥೆ ಹುಟ್ಟಿತು. ದೆಹಲಿ ವಿಶ್ವವಿದ್ಯಾಲಯದ ಭೌತವಿಜ್ಞಾನ ಅಧ್ಯಾಪಕ ವಿನೋದ್ ರೈನಾ ಕೆಲಸ ಬಿಟ್ಟು ಬಂದು ಅದರ ಸ್ಥಾಪಕರಲ್ಲಿ ಒಬ್ಬರಾದರು. ಬೇರೆ ಜಿಲ್ಲೆಗಳ ಕೆಲವು ಶಾಲೆಗಳಿಗೂ ಕಾರ್ಯಕ್ರಮ ಹರಡಿ, ನಿಲ್ಲುವ ಹೊತ್ತಿಗೆ ಸುಮಾರು 1,000 ಶಾಲೆ, ಸುಮಾರು ಒಂದು ಲಕ್ಷ ಮಕ್ಕಳನ್ನು ಮುಟ್ಟಿತ್ತು.

ತರಗತಿಯ ಒಳಗೆ

ಮಕ್ಕಳು ನಾಲ್ಕು ನಾಲ್ಕು ಜನರ ಟೋಲಿಗಳಾಗಿ ಕೂರುತ್ತಿದ್ದರು. ಟೋಲಿ ಎಂದರೆ ತಂಡ. ಶಾಲೆಗೊಂದು ಕಿಟ್. ಅದರಲ್ಲಿ ಇದ್ದದ್ದು ಪೇಟೆಯಲ್ಲಿ ಸಿಗುವ ಅಗ್ಗದ ಸಾಮಾನು. ಪುಸ್ತಕ ಏನು ಮಾಡಬೇಕೆಂದು ಹೇಳುತ್ತಿತ್ತು, ಆಮೇಲೆ ಪ್ರಶ್ನೆ ಕೇಳುತ್ತಿತ್ತು, ಅಲ್ಲಿಗೇ ನಿಲ್ಲುತ್ತಿತ್ತು. ಕಂಡದ್ದನ್ನು ಮಗು ತನ್ನ ನೋಟ್‌ಬುಕ್ಕಿನಲ್ಲಿ ಬರೆಯಬೇಕು, ಟೋಲಿಗಳು ತಮ್ಮ ತಮ್ಮ ಫಲಿತಾಂಶವನ್ನು ಎದುರಿಗಿಟ್ಟು ಚರ್ಚಿಸಬೇಕು. ಹಾಗಾಗಿ ಪಠ್ಯಪುಸ್ತಕದ ಅರ್ಧ ಭಾಗ ಅಚ್ಚಾಗಿ ಬರುತ್ತಿತ್ತು. ಉಳಿದ ಅರ್ಧವನ್ನು ಮಗು ಬರೆಯುತ್ತಿತ್ತು.

ಹೊರಗೆ ಹೋಗಿ ಎಲೆಗಳನ್ನು ತಂದು ಗುಂಪು ಮಾಡುವುದು, ಬೀಜ ಮೊಳೆಯಲು ಏನೇನು ಬೇಕೆಂದು ನೋಡುವುದು, ಆಕಾಶ ನೋಡಿ ಬರೆದಿಡುವುದು, ದಾಳ ಮತ್ತು ನಾಣ್ಯ ಎಸೆದು ಲೆಕ್ಕ ಇಡುವುದು ಇವೆಲ್ಲ ಅಲ್ಲಿನ ಪಾಠಗಳಾಗಿದ್ದವು. ದಾಳದ ಪಾಠ ನನಗೆ ಬಹಳ ಇಷ್ಟ. ಎಂಟನೇ ತರಗತಿಯ ಮಗುವಿಗೆ ಸಂಭವನೀಯತೆ ಕಲಿಸಬೇಕಾದರೆ ನಾವು ಸೂತ್ರ ಬರೆದುಕೊಡುತ್ತೇವೆ. ಅವರು ಎಸೆಯಲು ಹಚ್ಚುತ್ತಿದ್ದರು. ಒಬ್ಬ ಮಗು ಹತ್ತು ಸಲ ಎಸೆದರೆ ಏನೂ ತಿಳಿಯುವುದಿಲ್ಲ. ಇಡೀ ತರಗತಿಯ ಎಸೆತಗಳನ್ನು ಕೂಡಿಸಿದಾಗ ಆಕಾರ ಮೂಡತೊಡಗುತ್ತದೆ. ಪಕ್ಕದವನ ಲೆಕ್ಕ ತನಗೆ ಬೇಕು ಎಂಬುದು ಆಗ ಮಗುವಿಗೆ ತಾನಾಗಿ ಅರ್ಥವಾಗುತ್ತದೆ.

ಇನ್ನೊಂದು ಮಾತು, ಹೆಸರುಗಳ ಬಗ್ಗೆ. ಅಲ್ಲಿ ಅನುಭವ ಮೊದಲು, ಪಾರಿಭಾಷಿಕ ಪದ ಆಮೇಲೆ. ನಮ್ಮಲ್ಲಿ ಆರನೆಯ ತರಗತಿಯ ಮಗು 'ದ್ಯುತಿಸಂಶ್ಲೇಷಣೆ' ಎಂಬ ಪದವನ್ನು ತಡವರಿಸದೆ ಹೇಳಿದರೆ ನಾವೇ ಚಪ್ಪಾಳೆ ತಟ್ಟುತ್ತೇವೆ. ಬಿಸಿಲಿಗಿಟ್ಟ ಗಿಡವನ್ನೂ ಕತ್ತಲಲ್ಲಿಟ್ಟ ಗಿಡವನ್ನೂ ಆ ಮಗು ಒಂದು ವಾರ ನೋಡಿರುವುದಿಲ್ಲ. ಆ ಪದ ಬೇಡ ಎಂದು ನಾನು ಹೇಳುತ್ತಿಲ್ಲ, ಕನ್ನಡಕ್ಕೆ ಅಂಥ ಪದಗಳು ಬೇಕು. ನೋಡಿದ ಮೇಲೆ ಬರಲಿ ಎಂಬುದಷ್ಟೇ ನನ್ನ ಆಸೆ.

ಕಾಣದ ಒಬ್ಬ ಗೆಳೆಯನೂ ಅಲ್ಲಿದ್ದ. ಹೆಸರು ಸವಾಲಿರಾಮ್. ಪ್ರಶ್ನೆ ಇದ್ದವರು ಅವನಿಗೆ ಕಾಗದ ಬರೆಯಬಹುದಿತ್ತು, ಅವನ ಹೆಸರಿನಲ್ಲಿ ಉತ್ತರ ಬರುತ್ತಿತ್ತು. ತರಗತಿಯಲ್ಲಿ ಕೇಳಲು ನಾಚುವ ಮಗು ಕಾಗದದಲ್ಲಿ ಧೈರ್ಯವಾಗಿ ಕೇಳುತ್ತದೆ. ಅಂಚೆಚೀಟಿಯ ಖರ್ಚಿನಲ್ಲಿ ಇಷ್ಟು ದೊಡ್ಡ ಉಪಕಾರ ಮಾಡಿದ ಯೋಜನೆ ಇನ್ನೊಂದು ನನಗೆ ಗೊತ್ತಿಲ್ಲ.

ಮಕ್ಕಳ ವಿಜ್ಞಾನದ ಆಟಿಕೆಗಳಿಂದ ಇಂದು ದೇಶಕ್ಕೆಲ್ಲ ಪರಿಚಿತರಾದ ಅರವಿಂದ್ ಗುಪ್ತಾ ಈ ದಾರಿಗೆ ಬಂದದ್ದೂ ಇಲ್ಲಿಂದಲೇ. ಕಾನ್ಪುರದ ಐಐಟಿಯಲ್ಲಿ ಓದಿ ಪುಣೆಯಲ್ಲಿ ಟಾಟಾದವರ ಲಾರಿ ಕಂಪನಿ ಟೆಲ್ಕೋದಲ್ಲಿ ಎಂಜಿನಿಯರ್ ಆಗಿದ್ದ ಅವರು 1978ರಲ್ಲಿ ರಜೆ ಹಾಕಿ ಹೋಶಂಗಾಬಾದಿಗೆ ಬಂದರು. ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡುಗಳಿಗೆ ಬೆಂಕಿಕಡ್ಡಿ ಸಿಕ್ಕಿಸಿ ಆಕೃತಿಗಳನ್ನು ಮಾಡುವ ವಿಧಾನ ಅವರು ಅಲ್ಲಿದ್ದಾಗಲೇ ಬೆಳೆದದ್ದು. ನೀವೂ ಮಾಡಿ ನೋಡಿ. ನಾಲ್ಕು ಕಡ್ಡಿಯ ಚೌಕ ಒತ್ತಿದರೆ ಓರೆಯಾಗಿ ಬಗ್ಗುತ್ತದೆ, ಮೂರು ಕಡ್ಡಿಯ ತ್ರಿಭುಜ ಅಲ್ಲಾಡುವುದಿಲ್ಲ. ರೈಲು ಸೇತುವೆಯ ಕಬ್ಬಿಣದ ಪಟ್ಟಿಗಳಲ್ಲಿ ಅಷ್ಟೊಂದು ತ್ರಿಭುಜಗಳು ಏಕಿವೆ ಎಂದು ಆಮೇಲೆ ಯಾರೂ ವಿವರಿಸಬೇಕಾಗುವುದಿಲ್ಲ.

ಒಂದು ಮೇಜು, ಏಳು ಅಳತೆ

ಅವರ ಆರಂಭದ ಪಾಠಗಳಲ್ಲಿ ಅಳತೆಯೂ ಒಂದು. ದೂರ ಅಳೆಯುವುದು, ಅಳತೆಯಲ್ಲಿ ಬರುವ ಏರುಪೇರು. ಓದಿದಾಗ ಸಪ್ಪೆ ಎನಿಸಿತು. ಆದರೂ ನನ್ನ ಆರನೇ ತರಗತಿಯಲ್ಲಿ ಮಾಡಿಸಿ ನೋಡೋಣ ಎಂದುಕೊಂಡೆ. ಏಳು ತಂಡ ಮಾಡಿ, ತಂಡಕ್ಕೊಂದು 15 ಸೆಂಟಿಮೀಟರಿನ ಪ್ಲಾಸ್ಟಿಕ್ ಸ್ಕೇಲು ಕೊಟ್ಟು, ನನ್ನ ಮೇಜಿನ ಉದ್ದ ಅಳೆಯಲು ಹೇಳಿದೆ. ಬೋರ್ಡಿನ ಮೇಲೆ ಬಂದ ಅಂಕಿಗಳು ಇವು: 91.2, 91.5, 90.8, 91.4, 91.3, 88.9, 91.5.

ತರಗತಿ ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ಒಬ್ಬ ಎದ್ದ.

"ಟೀಚರ್, ಯಾವುದು ಸರಿ ಹೇಳಿ."

"ಮೇಜು ನಿಮ್ಮ ಮುಂದೇನೇ ಇದೆಯಲ್ಲಪ್ಪ."

"ಹಂಗಲ್ಲ ಟೀಚರ್. ಪುಸ್ತಕದಲ್ಲಿ ಎಷ್ಟಂತ ಇದೆ?"

ನನ್ನ ಮೇಜಿನ ಉದ್ದ ಯಾವ ಪುಸ್ತಕದಲ್ಲಿ ಇರಲು ಸಾಧ್ಯ! ಆದರೂ ಆ ಹುಡುಗ ನಿಜವಾಗಿ ಕೇಳಿದ. ಸರಿಯುತ್ತರ ಎಂಬುದು ಎಲ್ಲೋ ಬರೆದಿಟ್ಟಿರುತ್ತದೆ ಎಂದು ಆರು ವರ್ಷದ ಶಾಲೆ ಅವನಿಗೆ ಕಲಿಸಿದೆ. ಕಲಿಸಿದವರಲ್ಲಿ ನಾನೂ ಒಬ್ಬಳು.

88.9 ತಪ್ಪು ಎಂದು ಎಲ್ಲರೂ ಕೂಗಿದರು. ಆ ತಂಡದ ಮಕ್ಕಳ ಮುಖ ಸಣ್ಣದಾಯಿತು. ನಾನು ಅಳಿಸಲು ಬಿಡಲಿಲ್ಲ. "ಇನ್ನೊಂದು ಸಲ ಅಳೆದು ತೋರಿಸಿ, ಎಲ್ಲರೂ ನೋಡಲಿ" ಎಂದೆ. ಮತ್ತೆ ಅಳೆದರು, ಮತ್ತೆ 88.9 ಬಂತು! ಹಾಗಾದರೆ ಅಜಾಗರೂಕತೆ ಅಲ್ಲ. ಮೂರನೇ ಸಲ ಅಳೆಯುವಾಗ ಪಕ್ಕದ ತಂಡದ ಒಬ್ಬಳು ಬಗ್ಗಿ ಸ್ಕೇಲನ್ನೇ ದಿಟ್ಟಿಸಿ, "ಟೀಚರ್, ಇವರು ಸೊನ್ನೆಯಿಂದ ಇಡ್ತಾ ಇಲ್ಲ, ಸ್ಕೇಲಿನ ತುದಿಯಿಂದ ಇಡ್ತಾ ಇದಾರೆ" ಎಂದಳು. ಪ್ಲಾಸ್ಟಿಕ್ ಸ್ಕೇಲಿನ ತುದಿಗೂ ಸೊನ್ನೆಯ ಗೆರೆಗೂ ನಡುವೆ ಸ್ವಲ್ಪ ಜಾಗ ಇರುತ್ತದೆ. ಅಳೆದು ನೋಡಿದರೆ ನಾಲ್ಕು ಮಿಲಿಮೀಟರ್. ಮೇಜು ಮುಗಿಸಲು ಸ್ಕೇಲನ್ನು ಆರು ಸಲ ಇಟ್ಟಿದ್ದರು. ಆರು ನಾಲ್ಕಲೆ 24 ಮಿಲಿಮೀಟರ್, ಅಂದರೆ 2.4 ಸೆಂಟಿಮೀಟರ್. 88.9ಕ್ಕೆ ಅದನ್ನು ಕೂಡಿಸಿದರೆ 91.3. ಕೂಡಿದ ಮೊತ್ತವನ್ನು ಬೋರ್ಡಿನ ಮೇಲೆ ಬರೆದಾಗ ಆ ತಂಡದವರು ಬೆಂಚಿನ ಮೇಲೆ ಹತ್ತಿ ಕುಣಿದರು.

ಇನ್ನುಳಿದ ಆರು ಅಳತೆಗಳು 90.8ರಿಂದ 91.5ರವರೆಗೆ ಚದುರಿದ್ದವು. ಅವುಗಳಿಗೆ ಇಂಥದೇ ಕಾರಣ ಹುಡುಕಲು ಹೊರಟರು, ಸಿಗಲಿಲ್ಲ. ಪೆನ್ಸಿಲ್ ಗುರುತಿನ ದಪ್ಪ, ಸ್ಕೇಲು ಚೂರು ಓರೆಯಾದದ್ದು, ಕಣ್ಣಿಟ್ಟು ನೋಡಿದ ಕೋನ, ಎಲ್ಲ ಸೇರಿ ಅಷ್ಟು ಏರುಪೇರು. ಕಾರಣ ಹಚ್ಚಬಹುದಾದ ತಪ್ಪು ಬೇರೆ, ಯಾರು ಅಳೆದರೂ ಬರುವ ಏರುಪೇರು ಬೇರೆ. ಈ ವ್ಯತ್ಯಾಸವನ್ನು ನಾನು ಪದವಿಯಲ್ಲಿ ಭೌತವಿಜ್ಞಾನದ ಪ್ರಾಯೋಗಿಕ ತರಗತಿಯಲ್ಲಿ ಸೂತ್ರವಾಗಿ ಓದಿ ಅಂಕ ತೆಗೆದಿದ್ದೆ. ಅರ್ಥ ಆದದ್ದು ಆ ದಿನ, ಆ ಮಕ್ಕಳ ಮುಂದೆ.

ನಲವತ್ತು ನಿಮಿಷದ ಎರಡು ಪೀರಿಯಡ್ ಹೋಯಿತು. ಅಷ್ಟೂ ಹೊತ್ತು ಬಾಯಿ ಮುಚ್ಚಿಕೊಂಡಿರುವುದು ನನಗೆ ಎಷ್ಟು ಕಷ್ಟವಾಯಿತು ಎಂದರೆ, 'ಸೊನ್ನೆ ನೋಡ್ರೋ' ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಹೇಳಿದ್ದರೆ ಪಾಠ ಐದು ನಿಮಿಷದಲ್ಲಿ ಮುಗಿಯುತ್ತಿತ್ತು. ಹೋಶಂಗಾಬಾದಿನ ಮೇಷ್ಟ್ರುಗಳು ವರ್ಷಾನುಗಟ್ಟಲೆ ಈ ಸಂಯಮವನ್ನು ಹೇಗೆ ಕಾಪಾಡಿಕೊಂಡರು ಎಂಬ ಪ್ರಶ್ನೆ ಅಲ್ಲಿಂದ ಶುರುವಾಯಿತು.

ಮೇಷ್ಟ್ರನ್ನು ಒಂಟಿ ಬಿಡಲಿಲ್ಲ

ಬೇಸಿಗೆ ರಜೆಯಲ್ಲಿ ಮೂರು ವಾರದ ತರಬೇತಿ ಇರುತ್ತಿತ್ತು. ಅಲ್ಲಿ ಭಾಷಣ ಕಡಿಮೆ. ಶಿಕ್ಷಕರೇ ಟೋಲಿಗಳಾಗಿ ಕೂತು, ಮಕ್ಕಳ ಪುಸ್ತಕವನ್ನೇ ಹಿಡಿದು, ಅದೇ ಪ್ರಯೋಗಗಳನ್ನು ಮಾಡುತ್ತಿದ್ದರು. ಅವರಲ್ಲಿ ಅನೇಕರು ವಿಜ್ಞಾನ ಓದಿದವರಲ್ಲ. ಎದುರಿಗೆ ವಿಶ್ವವಿದ್ಯಾಲಯದ ಅಧ್ಯಾಪಕರು ಇರುತ್ತಿದ್ದರು. ಹಳ್ಳಿಯ ಶಿಕ್ಷಕರು ಕೇಳಿದ ಪ್ರಶ್ನೆಗೆ ಅಂಥವರೂ ತಡವರಿಸಿ 'ಮಾಡಿ ನೋಡೋಣ' ಎನ್ನಬೇಕಾದ ಪರಿಸ್ಥಿತಿ ಅಲ್ಲಿ ಸಹಜ. ಶಿಕ್ಷಕರಿಗೆ ಅದಕ್ಕಿಂತ ದೊಡ್ಡ ಧೈರ್ಯ ಇಲ್ಲ. ಗೊತ್ತಿಲ್ಲ ಎಂದು ತರಗತಿಯಲ್ಲಿ ಹೇಳಿದರೆ ಮರ್ಯಾದೆ ಹೋಗುತ್ತದೆ ಎಂಬ ಹೆದರಿಕೆಯೇ ನಮ್ಮನ್ನು ನೋಟ್ಸ್ ಬರೆಸುವುದಕ್ಕೆ ದೂಡುವುದು.

ತರಬೇತಿಗಿಂತ ಹೆಚ್ಚಾಗಿ ನನ್ನ ಗಮನ ಸೆಳೆದದ್ದು ತಿಂಗಳ ಸಭೆ. ಹತ್ತಿರದ ಕೆಲವು ಶಾಲೆಗಳಿಗೆ ಒಂದು 'ಸಂಗಮ ಕೇಂದ್ರ'. ಶಿಕ್ಷಕರು ಪ್ರತಿ ತಿಂಗಳು ಅಲ್ಲಿ ಸೇರಿ, ಯಾವ ಪ್ರಯೋಗ ಕೈಕೊಟ್ಟಿತು, ಮಕ್ಕಳು ಏನು ಕೇಳಿದರು, ಮುಂದಿನ ಅಧ್ಯಾಯ ಹೇಗೆ ಎಂದು ಮಾತನಾಡುತ್ತಿದ್ದರು. ಅಲ್ಲಿ ಬಂದ ಮಾತು ಪುಸ್ತಕದ ತಿದ್ದುಪಡಿಗೂ ದಾರಿಯಾಗುತ್ತಿತ್ತು. ಶಿಕ್ಷಕರಲ್ಲೇ ಒಂದು ಗುಂಪು ಬೆಳೆದು ಹೊಸಬರಿಗೆ ತರಬೇತಿ ಕೊಡುವ ಮಟ್ಟಕ್ಕೆ ಬಂತು.

ನಮ್ಮ ರಾಜ್ಯದಲ್ಲೂ ಹತ್ತಿರದ ಶಾಲೆಗಳ ಗುಂಪಾದ ಕ್ಲಸ್ಟರ್ ಮಟ್ಟದಲ್ಲಿ ತಿಂಗಳಿಗೊಂದು ಸಮಾಲೋಚನಾ ಸಭೆಯ ಏರ್ಪಾಡು ಇದೆ. ಹೆಸರು ಸುಂದರವಾಗಿದೆ, ಉದ್ದೇಶವೂ ಅದೇ. ನಾನು ಕೂತ ಸಭೆಗಳಲ್ಲಿ ಹೆಚ್ಚಿನ ಹೊತ್ತು ಹೋದದ್ದು ಮಾಹಿತಿ ಕೊಡುವುದಕ್ಕೆ: ಎಷ್ಟು ಮಕ್ಕಳು, ಎಷ್ಟು ಮೊಟ್ಟೆ, ಎಷ್ಟು ಶೂ, ಮಕ್ಕಳ ವಿವರ ತುಂಬುವ ಸರ್ಕಾರಿ ತಂತ್ರಾಂಶ ಎಸ್‌ಎಟಿಎಸ್‌ನಲ್ಲಿ ಎಷ್ಟು ಎಂಟ್ರಿ ಬಾಕಿ. ಅವೂ ಬೇಕಾದ ಕೆಲಸಗಳೇ, ಕ್ಲಸ್ಟರಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿಯವರ ಮೇಲೆ ಅದರ ಭಾರ ಎಷ್ಟಿದೆ ಎಂದು ನೋಡಿದ್ದೇನೆ. ಆದರೆ ಸಂಜೆ ಮನೆಗೆ ಬರುವಾಗ ಒಂದೇ ಒಂದು ಪಾಠದ ಬಗ್ಗೆ ಮಾತನಾಡಿದ ನೆನಪು ಇರುವುದಿಲ್ಲ.

ಪುಸ್ತಕ ತೆರೆದಿಟ್ಟು ಪರೀಕ್ಷೆ

ಹೋಶಂಗಾಬಾದಿನವರ ಅತ್ಯಂತ ಧೈರ್ಯದ ಹೆಜ್ಜೆ ಇದು. ಮಕ್ಕಳು 'ಬಾಲ ವೈಜ್ಞಾನಿಕ್' ಪುಸ್ತಕವನ್ನೂ ತಮ್ಮ ನೋಟ್‌ಬುಕ್ಕನ್ನೂ ಪರೀಕ್ಷಾ ಕೊಠಡಿಗೆ ಒಯ್ಯಬಹುದಿತ್ತು. ಲಿಖಿತ ಪರೀಕ್ಷೆಯ ಜೊತೆಗೆ ಪ್ರಾಯೋಗಿಕ ಪರೀಕ್ಷೆಯೂ ಇತ್ತು. ಎಂಟನೇ ತರಗತಿಯ ಬೋರ್ಡ್ ಪರೀಕ್ಷೆಯಲ್ಲೇ ಈ ಶಾಲೆಗಳ ವಿಜ್ಞಾನಕ್ಕೆ ಬೇರೆ ಪ್ರಶ್ನೆಪತ್ರಿಕೆ ಕೊಡಲು ಸರ್ಕಾರ ಒಪ್ಪಿತು.

ಪುಸ್ತಕ ತೆರೆದಿಟ್ಟುಕೊಳ್ಳಬಹುದು ಎಂದಾಗ ಪ್ರಶ್ನೆ ಕೇಳುವವರ ಕೆಲಸ ಕಷ್ಟವಾಗುತ್ತದೆ. 'ವ್ಯಾಖ್ಯಾನಿಸಿ' ಎನ್ನುವಂತಿಲ್ಲ, 'ಬಿಟ್ಟ ಸ್ಥಳ ತುಂಬಿ' ಎನ್ನುವಂತಿಲ್ಲ. ಮಗು ನೋಡಿರದ ಹೊಸ ಸಂದರ್ಭ ಕೊಡಬೇಕು, ಹೊಸ ಅಂಕಿಗಳನ್ನು ಕೊಡಬೇಕು, ಅವುಗಳಿಂದ ಏನು ಹೇಳಬಹುದು, ಏನು ಹೇಳಲಾಗದು ಎಂದು ಕೇಳಬೇಕು. ಇನ್ನೊಂದು ಪರಿಣಾಮ ಹೊರಗೆ ಕಾಣದು. ವರ್ಷವಿಡೀ ಪ್ರಯೋಗ ಮಾಡದ ಮಗುವಿನ ನೋಟ್‌ಬುಕ್ ಖಾಲಿ ಇರುತ್ತದೆ. ಖಾಲಿ ನೋಟ್‌ಬುಕ್ ಒಯ್ದು ಪ್ರಯೋಜನವಿಲ್ಲ. ಹೀಗೆ ಪರೀಕ್ಷೆಯೇ ಪ್ರಯೋಗ ಮಾಡಿಸುತ್ತಿತ್ತು.

ನಾನು ಒಂದು ಯೂನಿಟ್ ಟೆಸ್ಟನ್ನು ಹೀಗೆ ಕೊಟ್ಟೆ. ಒಂದು ಪ್ರಶ್ನೆ ಇದು: 'ಐದು ತಂಡಗಳು ಒಂದೇ ಬಾಗಿಲಿನ ಅಗಲ ಅಳೆದಾಗ 84.1, 84.3, 84.2, 80.2, 84.0 ಸೆಂಟಿಮೀಟರ್ ಬಂತು. ನಾಲ್ಕನೇ ತಂಡದವರನ್ನು ನೀವು ಏನೇನು ಕೇಳುತ್ತೀರಿ?' ಯಾವಾಗಲೂ ಮೊದಲು ಬರುವ ಹುಡುಗಿ ಪುಸ್ತಕದ ಪುಟಗಳನ್ನು ತಿರುವುತ್ತಲೇ ಇದ್ದಳು, ಕಣ್ಣಲ್ಲಿ ನೀರು ಬಂತು. ನನಗೂ ಸಂಕಟವಾಯಿತು. ಮುನ್ಸೂಚನೆ ಕೊಡದೆ ಆಟದ ನಿಯಮ ಬದಲಾಯಿಸಿದ್ದು ನನ್ನದೇ ತಪ್ಪು. ಸಾಮಾನ್ಯವಾಗಿ ಎರಡು ಸಾಲಿಗಿಂತ ಹೆಚ್ಚು ಬರೆಯದ ಒಬ್ಬ ಹುಡುಗ ಬರೆದದ್ದು ಹೀಗಿತ್ತು: 'ಟೇಪು ಎಲ್ಲಿಂದ ಹಿಡಿದ್ರಿ ಅಂತ ಕೇಳ್ತೀನಿ. ಟೇಪಿನ ತುದಿ ಹರಿದಿತ್ತಾ ಅಂತ ಕೇಳ್ತೀನಿ. ಬಾಗಿಲ ಮೇಲೆ ಅಳೆದ್ರಾ, ಕೆಳಗೆ ಅಳೆದ್ರಾ ಅಂತ ಕೇಳ್ತೀನಿ, ನಮ್ಮ ಮನೆ ಬಾಗಿಲು ಕೆಳಗೆ ಸವೆದಿದೆ.' ಆ ಕೊನೆಯ ಮಾತಿಗೆ ಎಷ್ಟು ಅಂಕ ಕೊಡಬೇಕು? ಅವನ ತಂದೆ ಬಡಗಿ.

ಮರುದಿನ ಒಬ್ಬ ತಾಯಿ ಬಂದರು. ಕೋಪದಿಂದಲ್ಲ, ಕಳವಳದಿಂದ. "ಪುಸ್ತಕ ನೋಡಿಕೊಂಡು ಬರೆಯೋದೂ ಒಂದು ಪರೀಕ್ಷೆನಾ ಟೀಚರ್? ಮುಂದೆ ಹೈಸ್ಕೂಲಲ್ಲಿ ಹಿಂಗೆ ಬಿಡ್ತಾರಾ?" ಎಂದು ಕೇಳಿದರು. ಹೋಶಂಗಾಬಾದಿನಲ್ಲೂ ಪಾಲಕರ ದೊಡ್ಡ ಅಳುಕು ಇದೇ ಆಗಿತ್ತು ಎಂದು ಓದಿದ್ದು ಆಗ ನೆನಪಾಯಿತು. ಆ ತಾಯಿಗೆ ಕೊಡಲು ನನ್ನ ಬಳಿ ನೇರವಾದ ಉತ್ತರ ಇರಲಿಲ್ಲ. ಹೈಸ್ಕೂಲಲ್ಲಿ ಹಾಗೆ ಬಿಡುವುದಿಲ್ಲ ಎಂಬುದು ನಿಜ.

ನಿಂತದ್ದು ಹೇಗೆ

ಐದನೇ ತರಗತಿಯವರೆಗೆ ಮಾಮೂಲಿ ಪಾಠ, ಆರರಿಂದ ಎಂಟರವರೆಗೆ ಇದು, ಒಂಬತ್ತಕ್ಕೆ ಹೋದರೆ ಮತ್ತೆ ವ್ಯಾಖ್ಯೆ, ಸೂತ್ರ, ಬಾಯಿಪಾಠ. ಮೂರು ವರ್ಷದ ದ್ವೀಪ. ಕಾರ್ಯಕ್ರಮದಲ್ಲಿ ಇಲ್ಲದ ಜಿಲ್ಲೆಗಳ ಮಕ್ಕಳ ಜೊತೆ ಮುಂದೆ ಸ್ಪರ್ಧೆಗೆ ಇಳಿಯಬೇಕಾದಾಗ ತಮ್ಮ ಮಕ್ಕಳು ಹಿಂದೆ ಬೀಳುತ್ತಾರೆ ಎಂಬ ದೂರು ಬೆಳೆಯಿತು. ಸ್ಥಳೀಯ ರಾಜಕಾರಣ ಅದನ್ನು ಎತ್ತಿಕೊಂಡಿತು, ಜಿಲ್ಲಾ ಯೋಜನಾ ಸಮಿತಿಯಿಂದ ಕಾರ್ಯಕ್ರಮ ನಿಲ್ಲಿಸಬೇಕೆಂಬ ಬೇಡಿಕೆ ಹೋಯಿತು. 2002ರಲ್ಲಿ ರಾಜ್ಯ ಸರ್ಕಾರ ನಿಲ್ಲಿಸಿತು. ಭೌತವಿಜ್ಞಾನಿ ಯಶಪಾಲ್ ಸೇರಿದಂತೆ ದೇಶದ ಅನೇಕ ವಿಜ್ಞಾನಿಗಳು, ಶಿಕ್ಷಣ ತಜ್ಞರು ಬೇಡವೆಂದು ಹೇಳಿದರೂ ನಿರ್ಧಾರ ಬದಲಾಗಲಿಲ್ಲ. ಏಕಲವ್ಯ ಸಮಾಜ ವಿಜ್ಞಾನದಲ್ಲೂ ಪ್ರಾಥಮಿಕ ತರಗತಿಗಳಲ್ಲೂ ನಡೆಸುತ್ತಿದ್ದ ಪ್ರಯತ್ನಗಳು ಸರ್ಕಾರಿ ಶಾಲೆಗಳಲ್ಲಿ ಅದೇ ಹೊತ್ತಿಗೆ ಮುಗಿದವು.

ದೂರುಗಳಲ್ಲಿ ಹುರುಳೇ ಇರಲಿಲ್ಲ ಎಂದು ನಾನು ಹೇಳಲಾರೆ. ಮಗು ತಾನೇ ಪ್ರಯೋಗ ಮಾಡಿ ತಲುಪಲಾಗದ ವಿಷಯಗಳಿಗೆ ಆ ಪುಸ್ತಕಗಳಲ್ಲಿ ಜಾಗ ಬಹಳ ಕಡಿಮೆ. ಪರಮಾಣುವನ್ನು ಹನ್ನೆರಡು ವರ್ಷದ ಮಗು ಬೆಂಕಿಕಡ್ಡಿ, ಟ್ಯೂಬುಗಳಿಂದ ಕಂಡುಹಿಡಿಯಲಾಗದು. ಇನ್ನೊಬ್ಬರು ಕಂಡುಕೊಂಡದ್ದನ್ನು ಓದಿ, ಅವರು ಹಾಗೆ ಹೇಳಲು ಏನು ಆಧಾರ ಎಂದು ವಿಚಾರಿಸುವುದೂ ವಿಜ್ಞಾನದ ಕಲಿಕೆಯೇ. ಆ ಭಾಗ ಇನ್ನಷ್ಟು ಇರಬೇಕಿತ್ತು ಎಂದು ನನಗನಿಸುತ್ತದೆ. ಒಳ್ಳೆಯ ಕಥನವಾಗಿ ಬರೆದ ವಿಜ್ಞಾನವನ್ನು ಓದಿ ನಾನು ಬೆಳೆದವಳು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲವಿಜ್ಞಾನ' ಮಾಸಪತ್ರಿಕೆ ನಮ್ಮ ಶಾಲೆಗೆ ಬರುತ್ತಿತ್ತು. ಅದನ್ನು ಓದದಿದ್ದರೆ ಈ ವಿಷಯಕ್ಕೆ ನಾನು ಬರುತ್ತಲೇ ಇರಲಿಲ್ಲ.

ಆದರೆ ಈ ಕೊರತೆಯನ್ನು ಪುಸ್ತಕದ ಮುಂದಿನ ಆವೃತ್ತಿಯಲ್ಲಿ ತುಂಬಬಹುದಿತ್ತು. ಪುಸ್ತಕವನ್ನು ತಿದ್ದುತ್ತಲೇ ಬಂದವರು ಅವರು. ಒಂಬತ್ತನೇ ತರಗತಿಯ ಪರೀಕ್ಷೆ ಬದಲಾಗದಿದ್ದದ್ದಕ್ಕೆ ಎಂಟನೇ ತರಗತಿಯ ಪಾಠ ಬೆಲೆ ತೆತ್ತಿತು. ಮೂವತ್ತು ವರ್ಷವಾದರೂ ಅದು ಸರ್ಕಾರದ ಕಣ್ಣಿಗೆ 'ಪ್ರಯೋಗ'ವಾಗಿಯೇ ಉಳಿಯಿತು, ವ್ಯವಸ್ಥೆಯ ಭಾಗವಾಗಲಿಲ್ಲ. ಮೂವತ್ತು ವರ್ಷ ನಡೆದದ್ದನ್ನು ಒಂದು ಆದೇಶ ನಿಲ್ಲಿಸಿದಾಗ ಅಲ್ಲಿನ ಶಿಕ್ಷಕರಿಗೆ ಏನೆನಿಸಿರಬಹುದು ಎಂದು ಯೋಚಿಸಿದರೆ ಗಂಟಲು ಕಟ್ಟುತ್ತದೆ. ಆರನೇ ತರಗತಿಯಲ್ಲಿ ಅದೇ ಪುಸ್ತಕದಿಂದ ಕಲಿತು, ಮುಂದೆ ಶಿಕ್ಷಕರಾಗಿ ಅದನ್ನೇ ಕಲಿಸುವಷ್ಟು ದೀರ್ಘ ಕಾಲ ಅದು.

ಎಲ್ಲವೂ ಅಳಿಯಲಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ರೂಪಿಸಿದ ಸಮಿತಿಯ ಅಧ್ಯಕ್ಷರು ಅದೇ ಯಶಪಾಲ್. ಶಾಲೆಯ ಕಲಿಕೆ ಹೊರಗಿನ ಬದುಕಿಗೆ ಸೇರಬೇಕು, ಬಾಯಿಪಾಠ ಬಿಡಬೇಕು, ಪರೀಕ್ಷೆ ಸಡಿಲವಾಗಬೇಕು ಎಂಬ ಆ ದಾಖಲೆಯ ಮಾತುಗಳನ್ನು ಓದುವಾಗ ಹೋಶಂಗಾಬಾದಿನ ಟೋಲಿಗಳು ಕಣ್ಣ ಮುಂದೆ ಬರುತ್ತವೆ. ಇಂದು ನಮ್ಮ ಪುಸ್ತಕದಲ್ಲಿರುವ 'ಚಟುವಟಿಕೆ' ಎಂಬ ಚೌಕಕ್ಕೂ ಆ ಕಡೆಯಿಂದ ಹರಿದ ನೀರು ಸೇರಿದೆ ಎಂದು ನಾನು ನಂಬಿದ್ದೇನೆ. ಚೌಕ ನಮ್ಮವರೆಗೆ ಬಂತು. ತೆರೆದ ಪುಸ್ತಕದ ಪರೀಕ್ಷೆ ಬರಲಿಲ್ಲ, ಸಂಗಮ ಕೇಂದ್ರ ಬರಲಿಲ್ಲ.

ಹೋಶಂಗಾಬಾದಿಗೆ ಈಗ ನರ್ಮದಾಪುರಂ ಎಂದು ಹೆಸರು. ನಮ್ಮ ಶಾಲೆಯಲ್ಲಿ ಆ ಮೇಜು ಹಾಗೇ ಇದೆ. ಏಳು ಅಳತೆಗಳನ್ನು ಮಕ್ಕಳು ಒಂದು ಚಾರ್ಟಿಗೆ ಇಳಿಸಿ ಗೋಡೆಗೆ ಅಂಟಿಸಿದ್ದಾರೆ, 88.9ನ್ನು ಅಳಿಸದೆ, ಪಕ್ಕದಲ್ಲಿ ಸ್ಕೇಲಿನ ತುದಿಯ ಚಿತ್ರ ಬಿಡಿಸಿ. ಬರುವ ತಿಂಗಳ ಸಮಾಲೋಚನಾ ಸಭೆಯಲ್ಲಿ ಮಾಹಿತಿ ಕೊಟ್ಟಾದ ಮೇಲೆ ಇಪ್ಪತ್ತು ನಿಮಿಷ ಕೊಡಿ ಎಂದು ಸಿಆರ್‌ಪಿಯವರನ್ನು ಕೇಳಿದ್ದೇನೆ, ಅವರು ಒಪ್ಪಿದ್ದಾರೆ. ಚಾರ್ಟು ಒಯ್ಯುವುದಿಲ್ಲ. ಏಳು ಪ್ಲಾಸ್ಟಿಕ್ ಸ್ಕೇಲು ಒಯ್ಯುತ್ತೇನೆ, ಅಲ್ಲಿನ ಮೇಜನ್ನು ನಾವೇ ಅಳೆಯೋಣ ಎನ್ನುತ್ತೇನೆ.